ಚಿನ್ನದ ನಾಡು, ಸಾಲದ ಬಾಳು

ನಮ್ಮ ಗಂಗಾವತಿ ಸೀಮೆಯ ಹೇಮಗುಡ್ಡದ ಹೆಸರಿನಲ್ಲಿ ಚಿನ್ನವಿದೆ. ಅದರ ಬುಡದಲ್ಲಿ ದುಡಿದು ತಿನ್ನುವವರ ಮನೆಯಲ್ಲಿ ಎಷ್ಟಿದೆಯೆಂಬುದನ್ನು ನಾವೆಲ್ಲ ಬಲ್ಲೆವು. ಪಶ್ಚಿಮ ಆಫ್ರಿಕದಲ್ಲಿಯೂ ಇಂಥದೊಂದು ನಾಡುಂಟು. ಇಂಗ್ಲಿಷರು ಅದನ್ನು ಗೋಲ್ಡ್ ಕೋಸ್ಟ್, ಎಂದರೆ ಚಿನ್ನದ ಕರಾವಳಿ, ಎಂದು ಕರೆದು ಆಳಿದರು. 1957ರ ಮಾರ್ಚ್ 6ರಂದು ಅದು ಸ್ವತಂತ್ರವಾಗಿ ಘಾನಾ ಎನಿಸಿತು. ಅಲ್ಲಿ ಚಿನ್ನ ಬರಿಯ ಹೆಸರಲ್ಲ. ಈಚಿನ ವರ್ಷಗಳಲ್ಲಿ ಆಫ್ರಿಕದಲ್ಲೇ ಅತಿ ಹೆಚ್ಚು ಚಿನ್ನ ತೆಗೆದ ದೇಶ ಅದು.

ಆದರೂ 2022ರ ಡಿಸೆಂಬರಿನಲ್ಲಿ ಅದು ಹೊರದೇಶಗಳ ಬಹುಪಾಲು ಸಾಲದ ಕಂತು ಕಟ್ಟಲಾರದೆ ಕೈಚೆಲ್ಲಿತು. ಮರುವರ್ಷ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ನಿಂತು 300 ಕೋಟಿ ಡಾಲರ್ ಸಾಲಕ್ಕೆ ಸಹಿ ಹಾಕಿತು. ಅಲ್ಲಿಯವರು ಸೋಮಾರಿಗಳು, ಆಳಲು ಬಾರದವರು ಎಂದು ಬಂಡವಾಳಗಾರರ ಪಂಡಿತರು ತೀರ್ಪು ಕೊಡುತ್ತಾರೆ. ಈ ತೀರ್ಪನ್ನು ನಾವು ಒಪ್ಪುವುದಿಲ್ಲ.

ಲೆಕ್ಕ ನೋಡೋಣ. ಘಾನಾ ಮತ್ತು ಅದರ ನೆರೆಯ ಐವರಿ ಕೋಸ್ಟ್ ಸೇರಿ ಲೋಕದ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುತ್ತವೆ. ರೈತ ಕಾಯಿ ಒಡೆದು, ಬೀಜ ಒಣಗಿಸಿ ಕೊಡುತ್ತಾನೆ. ಧಾರಣೆ ನಿಲ್ಲುವುದು ಲಂಡನ್, ನ್ಯೂಯಾರ್ಕಿನ ಪೇಟೆಯಲ್ಲಿ. ಚಾಕೊಲೇಟಿನ ಲಾಭ ಉಳಿಯುವುದು ಯುರೋಪ್, ಅಮೆರಿಕಗಳಲ್ಲಿ. 2024ರಲ್ಲಿ ಧಾರಣೆ ಟನ್ನಿಗೆ 10,000 ಡಾಲರ್ ದಾಟಿತು. ಆದರೆ ಘಾನಾದ ಬೆಳೆಯ ದೊಡ್ಡ ಪಾಲು ಮುಂಗಡವಾಗಿಯೇ ಹಳೆಯ ದರಕ್ಕೆ ಮಾರಿಹೋಗಿತ್ತು. ಸಾಲ ತೀರಿಸಲು ಸುಗ್ಗಿಯಲ್ಲೇ ಭತ್ತ ಅಳೆದುಕೊಟ್ಟು, ಆಮೇಲೆ ಏರಿದ ಧಾರಣೆಯನ್ನು ಕಣ್ಣಿನಿಂದ ಮಾತ್ರ ನೋಡುವ ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕೆ?

ಇನ್ನು ನೀರಿನ ಮಾತು. ನಮ್ಮ ತುಂಗಭದ್ರೆಗೆ 1953ರಲ್ಲಿ ಕಟ್ಟೆ ನಿಂತಿತು. ಅವರ ವೋಲ್ಟಾ ನದಿಗೆ 1965ರಲ್ಲಿ ಅಕೊಸೊಂಬೊ ಅಣೆಕಟ್ಟು ಎದ್ದಿತು. ಸುಮಾರು 80,000 ಜನ ಮನೆಮಠ ತೊರೆದರು. ವಿದ್ಯುತ್ತಿನ ಬಹುಪಾಲು ಮಾತ್ರ ಅಗ್ಗದ ದರಕ್ಕೆ ಅಮೆರಿಕದ ಕಂಪನಿಗಳ ಅಲ್ಯೂಮಿನಿಯಂ ಕಾರ್ಖಾನೆಗೆ ಹರಿಯಿತು. ನೆಲದಲ್ಲಿ ಬಾಕ್ಸೈಟ್ ಅದಿರಿದ್ದರೂ ಆ ಕಾರ್ಖಾನೆಯ ಕಚ್ಚಾವಸ್ತು ಹೊರದೇಶದಿಂದ ಹಡಗೇರಿ ಬಂತು!

ಬಾವುಟ ಬದಲಾದರೂ ತಿಜೋರಿಯ ಬೀಗದಕೈ ಪರದೇಶದಲ್ಲೇ ಉಳಿದಿದೆಯೆಂದು ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಕಂಡುಕೊಂಡಿದ್ದರು. ಆದರೆ ಅವರೇ ಎದುರಾಳಿಗಳನ್ನು ವಿಚಾರಣೆಯಿಲ್ಲದೆ ಸೆರೆಗೆ ತಳ್ಳಿದರು, 1964ರಲ್ಲಿ ಏಕಪಕ್ಷದ ಆಳ್ವಿಕೆ ತಂದರು. ಇದನ್ನು ನಾವು ಮುಚ್ಚಿಡುವುದಿಲ್ಲ. 1966ರಲ್ಲಿ ಸೈನ್ಯ ಅವರನ್ನು ಇಳಿಸಿದಾಗ ಕಾಪಾಡಲು ಜನಶಕ್ತಿ ಎದ್ದು ನಿಲ್ಲಲಿಲ್ಲ. ಜನರ ಬಾಯಿ ಕಟ್ಟಿ ಜನರ ಸಂಪತ್ತನ್ನು ಉಳಿಸಲಾಗದು.

ಗಿರಣಿಯ ಗೆಳೆಯರೇ, ಪೇಟೆಯ ಸಣ್ಣ ವ್ಯಾಪಾರಿಗಳೇ, ಘಾನಾ ದೂರದ ಕತೆಯಲ್ಲ. ನೆಲದಲ್ಲಿ ಏನಿದೆಯೆಂಬುದರಿಂದ ನಾಡು ಉದ್ಧಾರವಾಗುವುದಿಲ್ಲ. ಅದು ಯಾರ ಕೈಯಲ್ಲಿದೆ, ಅದಕ್ಕೆ ಧಾರಣೆ ಕಟ್ಟುವವರು ಯಾರು ಎಂಬುದರಿಂದ ಆಗುತ್ತದೆ. ನಮ್ಮ ನೆರೆಯ ಹಟ್ಟಿಯ ಚಿನ್ನದ ಗಣಿ ಇಂದಿಗೂ ರಾಜ್ಯ ಸರಕಾರದ ಕಂಪನಿಯದು. ಅದನ್ನು ಜನರದಾಗಿಯೇ ಉಳಿಸಿಕೊಳ್ಳಬೇಕು. ಭತ್ತಕ್ಕೆ ಸಹಕಾರಿ ಉಗ್ರಾಣ, ಇಟ್ಟ ಚೀಲದ ಮೇಲೆ ಸುಲಭ ಬಡ್ಡಿಯ ಸಾಲ, ಗಿರಣಿಯ ಹಮಾಲರಿಗೆ ನ್ಯಾಯವಾದ ಕೂಲಿ ಸಿಗಬೇಕು. ರೈತನ, ಕೂಲಿಯವನ ಕೈಯಲ್ಲಿ ಕಾಸು ಆಡಿದರೆ ಸಣ್ಣ ಅಂಗಡಿಯೂ ಬದುಕುತ್ತದೆ. ಇದು ಬೇಡಿ ಪಡೆಯುವ ಭಿಕ್ಷೆಯಲ್ಲ, ಒಗ್ಗಟ್ಟಿನಿಂದ ಕೇಳಬೇಕಾದ ಹಕ್ಕು.