‘ಬಹಳ ಸುಲಭ’ ಎನ್ನುವವರಿಗೆ ಒಂದು ಮಾತು



2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ವಿಂಡೋಸ್ 11ಕ್ಕೆ ಏರಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯವೂ ಈಚಿನ ಸಂಸ್ಕಾರಕವೂ ಬೇಕು. ಹತ್ತು ವರ್ಷದ ಹಿಂದಿನ ಗಣಕಗಳಲ್ಲಿ ಬಹುಪಾಲು ಈ ಪರೀಕ್ಷೆಯಲ್ಲಿ ಅನುತ್ತೀರ್ಣ. ಯಂತ್ರ ಕೆಟ್ಟಿಲ್ಲ, ಕೀಲಿಮಣೆ ಸವೆದಿಲ್ಲ. ಆದರೂ ಅದು ನಿವೃತ್ತ! ನಿವೃತ್ತರ ಕಷ್ಟ ನಿವೃತ್ತನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಯಲಹಂಕ ಉಪನಗರದ ನಮ್ಮ ಬೆಳಗಿನ ನಡಿಗೆಯ ಗುಂಪಿನಲ್ಲಿ ಕೆಲವು ತಿಂಗಳು ಇದೇ ಚರ್ಚೆ. ದೂರದೂರಿನಲ್ಲಿರುವ ಮಕ್ಕಳು ದೂರವಾಣಿಯಲ್ಲಿ ಹೇಳುವ ಪರಿಹಾರ ಒಂದೇ: “ಲಿನಕ್ಸ್ ಹಾಕಿಕೊಳ್ಳಿ ಅಪ್ಪಾ, ಬಹಳ ಸುಲಭ.” ಈ ಸಲಹೆಯ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರುವುದು ‘ಬಹಳ ಸುಲಭ’ ಎಂಬ ಮಾತಿನ ಬಗ್ಗೆ.

ಸಲಹೆ ಏಕೆ ಸರಿ ಎಂಬುದನ್ನು ಮೊದಲು ಹೇಳುತ್ತೇನೆ. 1969ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಯೂನಿಕ್ಸ್‌ನ ಮಾದರಿಯಲ್ಲಿ, ಎಲ್ಲರೂ ಹಂಚಿಕೊಳ್ಳಬಹುದಾದ ಒಂದು ವ್ಯವಸ್ಥೆಯನ್ನು ಕಟ್ಟುವುದಾಗಿ ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದರು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅದಕ್ಕೊಂದು ತಿರುಳನ್ನು ಬರೆದರು. ಅದರ ಫಲ ಇಂದು ಹಳೆಯ ಯಂತ್ರಗಳಿಗೂ ದಕ್ಕುತ್ತಿದೆ. ಲಿನಕ್ಸ್ ಮಿಂಟ್‌ಗೆ 2 ಜಿಬಿ ಸ್ಮೃತಿ ಸಾಕು, 4 ಜಿಬಿ ಇದ್ದರೆ ನಿರಾಳ. ಬೆಂಗಳೂರಿಗೂ ಇದು ಹೊಸ ಸುದ್ದಿಯಲ್ಲ. 2001ರಲ್ಲಿ ಆರಂಭವಾದ ‘ಲಿನಕ್ಸ್ ಬೆಂಗಳೂರು’ ಸಮಾವೇಶವು 2005ರಿಂದ ‘ಫಾಸ್ ಡಾಟ್ ಇನ್’ ಎಂಬ ಹೆಸರಿನಲ್ಲಿ ನಡೆಯಿತು. ಉಬುಂಟುವಿನ ಸಿಡಿಗಳು 2011ರವರೆಗೆ ಕೇಳಿದವರ ಮನೆಗೆ ಅಂಚೆಯಲ್ಲಿ ಉಚಿತವಾಗಿ ಬರುತ್ತಿದ್ದವು.

ಹಾಗಾದರೆ ತೊಡಕೆಲ್ಲಿ? ಕಳೆದ ವರ್ಷದಿಂದೀಚೆಗೆ ಆರ್.ಟಿ. ನಗರ, ಹೆಬ್ಬಾಳ ಕಡೆಯ ನನ್ನ ವಯಸ್ಸಿನ ಕೆಲವರು ಈ ಕೆಲಸಕ್ಕೆ ಕೈಹಾಕಿದಾಗ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಮೊದಲ ಬಾಗಿಲಲ್ಲೇ ತಡೆ. ಪೆನ್‌ಡ್ರೈವ್‌ನಿಂದ ಗಣಕವನ್ನು ಎಬ್ಬಿಸಲು ಡೆಲ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಬೇಕು. ಅದೂ ಒಂದೆರಡು ಕ್ಷಣದೊಳಗೆ. ಎಪ್ಪತ್ತರ ಬೆರಳಿಗೆ ಆ ಕ್ಷಣ ಸಿಕ್ಕುವುದಿಲ್ಲ. ಮೂರು ಸಲ ತಪ್ಪಿದವರು, “ನನ್ನ ತಲೆಗೆ ಇದು ಹತ್ತುವುದಿಲ್ಲ” ಎಂದು ಎದ್ದುಬಿಡುತ್ತಾರೆ. ತಪ್ಪಿದ್ದು ಗುಂಡಿ, ಸೋತದ್ದು ಆತ್ಮವಿಶ್ವಾಸ.

ಎರಡನೆಯದು, ಡಿಸ್ಕಿನ ವಿಭಜನೆ. ‘ಇಡೀ ಡಿಸ್ಕನ್ನು ಅಳಿಸಿ ಸ್ಥಾಪಿಸು’ ಎಂಬ ಸಾಲನ್ನು ಓದಿದ ಗೃಹಿಣಿಯೊಬ್ಬರ ಕೈ ನಡುಗಿದ್ದನ್ನು ಕಂಡಿದ್ದೇನೆ. ಆ ಡಿಸ್ಕಿನಲ್ಲಿ ಅವರ ಪತಿಯ ಕೊನೆಯ ವರ್ಷದ ಛಾಯಾಚಿತ್ರಗಳಿದ್ದವು. ಅವುಗಳನ್ನು ಬೇರೆಡೆಗೆ ನಕಲು ಮಾಡಿ, ತೆರೆದು ತೋರಿಸಿದ ಮೇಲೆಯೇ ಅವರು ಮುಂದುವರಿದರು. ಆ ಭಯ ಅಜ್ಞಾನವಲ್ಲ, ವಿವೇಕ. ಡಿಸ್ಕೆಂದರೆ ಒಂದು ನಿವೇಶನ, ವಿಭಾಗವೆಂದರೆ ಅದರೊಳಗೆ ಎಳೆದ ಗೋಡೆ, ಎರಡು ವ್ಯವಸ್ಥೆಗಳು ಎರಡು ಸಂಸಾರಗಳಂತೆ ಪಕ್ಕಪಕ್ಕದಲ್ಲಿ ಇರಬಲ್ಲವು ಎಂದು ವಿವರಿಸಿದರೆ ಯಾರಿಗೂ ಅರ್ಥವಾಗುತ್ತದೆ. ಸ್ಥಾಪಿಸುವ ಮುನ್ನ ಪೆನ್‌ಡ್ರೈವ್‌ನಿಂದಲೇ ನಡೆಸಿ ನೋಡುವ ಸೌಲಭ್ಯವೂ ಉಂಟು. ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು ಮನೆಯಲ್ಲಿ ಒಂದು ರಾತ್ರಿ ತಂಗಿದಂತೆ.

ಮೂರನೆಯದು ಕನ್ನಡಿಗರ ವಿಶೇಷ ಸಂಕಟ. ಸ್ಥಾಪನೆ ಮುಗಿದು, ಹಳೆಯ ನುಡಿ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು! ಲಿನಕ್ಸ್ ಎಲ್ಲವನ್ನೂ ನುಂಗಿತೆಂದು ಎದೆ ಧಸಕ್ಕೆನ್ನುತ್ತದೆ. ನಿಜವೇನೆಂದರೆ, ಹಳೆಯ ನುಡಿ ಅಕ್ಷರಶೈಲಿಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಆ ಶೈಲಿ ಇಲ್ಲದ ಕಡೆ ಬಣ್ಣ ಬಯಲಾಗುತ್ತದೆ. ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿದರೆ ಕನ್ನಡ ಮರಳುತ್ತದೆ. ಕೀಲಿಮಣೆಗಳ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸವಿದೆ, ಆದ್ದರಿಂದ ನುಡಿಗೆ ಒಗ್ಗಿದ ಬೆರಳುಗಳು ಹೊಸದಾಗಿ ಕಲಿಯಬೇಕಾದ್ದು ಅಲ್ಪ. ‘ಗುಬ್ಬಿ’, ‘ನವಿಲು’ ಎಂಬ ಚೆಲುವಾದ ಮುಕ್ತ ಅಕ್ಷರಶೈಲಿಗಳಿವೆ. ಡೆಬಿಯನ್ ಸ್ಥಾಪಕವನ್ನು ಚಿತ್ರರೂಪದಲ್ಲಿ ನಡೆಸಿದರೆ ಭಾಷೆಗಳ ಪಟ್ಟಿಯಲ್ಲಿ ಕನ್ನಡವೇ ಇದೆ. ಇಷ್ಟೆಲ್ಲವನ್ನು ನಮ್ಮವರು ಸ್ವಂತ ಸಮಯ ವೆಚ್ಚಮಾಡಿ ಕಟ್ಟಿಟ್ಟಿದ್ದಾರೆ. ಹೇಳುವವರಿಲ್ಲದೆ ಅದು ಕಪಾಟಿನಲ್ಲಿ ಉಳಿದ ಪುಸ್ತಕದಂತಾಗಿದೆ.

ಇನ್ನೊಂದು ಚಿಕ್ಕ ಸಂಗತಿ. ಹಲವು ವಿತರಣೆಗಳ ಆಜ್ಞಾಫಲಕದಲ್ಲಿ ಗುಪ್ತಪದವನ್ನು ಒತ್ತಿದರೆ ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡುವುದಿಲ್ಲ. ಇದು ತಿಳಿಯದ ಹೊಸಬರು ಕೀಲಿಮಣೆ ಕೆಟ್ಟಿತೆಂದು ಬಗೆಯುತ್ತಾರೆ. ಒಂದು ವಾಕ್ಯ ಮೊದಲೇ ಹೇಳಿದ್ದರೆ ಒಂದು ಗಂಟೆ ಉಳಿಯುತ್ತಿತ್ತು.

ಲಿನಕ್ಸ್ ಸ್ವಭಾವತಃ ಕಠಿಣವೆಂದು ನಾನು ಒಪ್ಪುವುದಿಲ್ಲ. ಗಡಿಯಾಚೆಯ ಕಾಸರಗೋಡನ್ನು ನೋಡಿ. 2001ರಲ್ಲಿ ಆರಂಭವಾದ ಕೇರಳದ ಐಟಿ ಅಟ್ ಸ್ಕೂಲ್ ಯೋಜನೆ ಮುಂದೆ ಮುಕ್ತ ತಂತ್ರಾಂಶಕ್ಕೆ ಹೊರಳಿ, 2017ರಲ್ಲಿ ‘ಕೈಟ್’ ಎಂಬ ಸಂಸ್ಥೆಯಾಯಿತು. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಮೇಲೆಯೇ ಗಣಕ ಕಲಿಯುತ್ತಾರೆ, ಪಠ್ಯಪುಸ್ತಕವೂ ಕನ್ನಡದಲ್ಲಿದೆ. ಕಾರಣ ಸ್ಪಷ್ಟ: ಮೊದಲು ಅಧ್ಯಾಪಕರಿಗೆ ಕಲಿಸಿದರು. ನಮ್ಮ ರಾಜ್ಯದಲ್ಲೂ ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಸರ್ಕಾರಿ ಪ್ರೌಢಶಾಲೆಯ ಅನೇಕ ಶಿಕ್ಷಕರು ಉಬುಂಟು ಬಳಸಲು ಕಲಿತರು.

ಮೂವತ್ತು ವರ್ಷ ಪಾಠ ಹೇಳಿದವನಾಗಿ ಒಂದು ಮಾತು ಖಚಿತವಾಗಿ ಹೇಳಬಲ್ಲೆ. ‘ಇದು ಸುಲಭ’ ಎಂದು ಪಾಠ ಆರಂಭಿಸಿದರೆ, ಅರ್ಥವಾಗದ ಹುಡುಗ ಪ್ರಶ್ನೆ ಕೇಳುವುದೇ ಇಲ್ಲ. ಸುಲಭವಾದದ್ದೂ ತನಗೆ ಬಾರದೆಂದು ತಲೆತಗ್ಗಿಸುತ್ತಾನೆ. ‘ಇಲ್ಲಿ ಮೂರು ಕಡೆ ತೊಡಕಿದೆ, ದಾಟಬಹುದು’ ಎಂದರೆ ಅವನೇ ನೆಟ್ಟಗೆ ಕೂರುತ್ತಾನೆ. ನಿಮ್ಮ ತಂದೆತಾಯಿಯರೂ ಹಾಗೆಯೇ.

ಆದುದರಿಂದ ತಂತ್ರಜ್ಞಾನ ಬಲ್ಲ ನನ್ನ ಶಿಷ್ಯರಲ್ಲಿ ವಿನಂತಿ ಇಷ್ಟು. ಮುಂದಿನ ಬಾರಿ ಊರಿಗೆ ಬಂದಾಗ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಮೊದಲು ಕಡತಗಳ ನಕಲು ತೆಗೆಯಿರಿ. ಅನಂತರ ಕೀಲಿಮಣೆಯನ್ನು ಅವರ ಕೈಗೇ ಬಿಟ್ಟು, ಪಕ್ಕದಲ್ಲಿ ಕುಳಿತು, ಕನ್ನಡದಲ್ಲಿ ವಿವರಿಸಿ. ನೀವೇ ಹತ್ತು ನಿಮಿಷದಲ್ಲಿ ಮುಗಿಸಿಕೊಟ್ಟರೆ ಯಂತ್ರ ಸಿದ್ಧವಾಗುತ್ತದೆ, ಮನುಷ್ಯ ಸಿದ್ಧವಾಗುವುದಿಲ್ಲ. ಇನ್ನೂ ಅರ್ಧ ದಿನ ಉಳಿದರೆ, ನಿಮ್ಮ ಬಡಾವಣೆಯ ಸರ್ಕಾರಿ ಶಾಲೆಯ ಗಣಕ ಕೊಠಡಿಗೊಮ್ಮೆ ಹೋಗಿ ಮುಖ್ಯೋಪಾಧ್ಯಾಯರನ್ನು ವಿಚಾರಿಸಿ. ಗುಜರಿಗೆ ಕಾದಿರುವ ಯಂತ್ರಗಳು ಅಲ್ಲಿಯೂ ಇದ್ದಾವು.