ಮುಖ ಇಲ್ಲದಿದ್ರೂ ಜೀವ ಇದೆ

ಹೋದ ರಜೆಯಲ್ಲಿ ನಾವು ಆರು ಜನ ಮಲ್ಪೆಗೆ ಹೋಗಿದ್ವಿ. ದಡದ ಹತ್ತಿರ ಒಂದು ನಕ್ಷತ್ರಮೀನು ಸಿಕ್ತು. ಕೈಯಿಂದ ಕೈಗೆ ದಾಟಿ, ಎಲ್ಲರ ಸೆಲ್ಫಿ ಮುಗಿಯೋಕೆ ಹತ್ತು ನಿಮಿಷ ಆಯ್ತು. "ಸುಮ್ನೆ ಇದೆಯಲ್ಲ, ಅದಕ್ಕೇನೂ ಆಗಲ್ಲ" ಅಂದವಳು ನಾನೇ. ವಾಪಸ್ ನೀರಿಗೆ ಹಾಕಿದಾಗ ಅದು ಅಲುಗಾಡಲಿಲ್ಲ. ಬದುಕಿತೋ ಇಲ್ಲವೋ ನೋಡೋಕೂ ನಾವು ನಿಲ್ಲಲಿಲ್ಲ.

ಹಾಸ್ಟೆಲ್‌ಗೆ ಬಂದ ಮೇಲೆ ಕುತೂಹಲಕ್ಕೆ ಓದಿದೆ. ಮೊದಲನೆಯದಾಗಿ, ಅದು ಮೀನೇ ಅಲ್ಲ, ಕಂಟಕಚರ್ಮಿ. ಅದಕ್ಕೆ ನಮ್ಮ ಹಾಗೆ ರಕ್ತ ಇಲ್ಲ. ಮೈಯೊಳಗಿನ ಕೊಳವೆಗಳಲ್ಲಿ ಹೆಚ್ಚುಕಮ್ಮಿ ಸಮುದ್ರದ ನೀರೇ ಓಡಾಡುತ್ತದೆ. ಆ ನೀರಿನ ಒತ್ತಡದಿಂದಲೇ ನೂರಾರು ಪುಟ್ಟ ಪಾದಗಳು ಚಾಚಿಕೊಂಡು ನಡೆಯುತ್ತವೆ. ನಾವು ಬ್ಯಾಕ್‌ಲಾಗ್ ಭಯದಲ್ಲಿ ಓದುವ ಹೈಡ್ರಾಲಿಕ್ಸ್ ಅದರ ಮೈಯಲ್ಲೇ ಇದೆ! ಉಸಿರಾಟವೂ ಆ ಪಾದಗಳು ಮತ್ತು ತೆಳುಚರ್ಮದ ಮೂಲಕ, ನೀರಿನಲ್ಲಿದ್ದಾಗ. ಅಂದರೆ ನಮ್ಮ ಸೆಲ್ಫಿ ಹೊತ್ತಿನಲ್ಲಿ ಅದು "ಸುಮ್ನೆ" ಇರಲಿಲ್ಲ, ಉಸಿರಿಗೆ ಒದ್ದಾಡುತ್ತಿತ್ತು.

ಇದರ ನೆಂಟರೂ ಕಮ್ಮಿ ಇಲ್ಲ. ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಐದು ಹಲ್ಲಿನಿಂದ ಪಾಚಿ ಕೆರೆದು ತಿನ್ನುತ್ತದೆ. ಬ್ರಿಟಲ್ ಸ್ಟಾರ್ ಶತ್ರು ಹಿಡಿದರೆ ತೋಳನ್ನೇ ಕಳಚಿ ಕೊಟ್ಟು ಓಡುತ್ತದೆ. ಫೆದರ್ ಸ್ಟಾರ್ ಗರಿಯಂಥ ತೋಳು ಹರಡಿ ನೀರಲ್ಲಿ ತೇಲಿ ಬರುವ ಆಹಾರ ಹಿಡಿಯುತ್ತದೆ. ಸಮುದ್ರ ಸೌತೆಕಾಯಿ ಉಸಿರಾಡೋದು ಗುದದ್ವಾರದಿಂದ. ನಗಬೇಡಿ, ನಿಜ. ಈ ಐದು ಬಗೆಯಲ್ಲಿ ಒಟ್ಟು ಸುಮಾರು 7,000 ಪ್ರಭೇದಗಳಿವೆ. ಹೊಳೆ, ಕೆರೆಗಳಲ್ಲಿ ಒಂದೂ ಇಲ್ಲ.

"ಇವೆಲ್ಲ ಹೋದ್ರೆ ನಮಗೇನು?" ಅಂತ ರೂಮ್‌ಮೇಟ್ ಕೇಳಿದಳು. 1983ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಒಂದು ಜಾತಿಯ ಅರ್ಚಿನ್‌ಗಳು ರೋಗ ಬಂದು ಸಾಯತೊಡಗಿದವು. ವರ್ಷವೊಂದರಲ್ಲೇ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹೋದವು. ತಿನ್ನುವವರಿಲ್ಲದೆ ಪಾಚಿ ಬೆಳೆದು ಹವಳದ ದಿಬ್ಬಗಳನ್ನೇ ಮುಚ್ಚಿತು. ಹವಳ ಹೋದರೆ ಮೀನಿಗೂ ಮನೆ ಇಲ್ಲ.

ನಮ್ಮ ದೇಶದಲ್ಲಿ 2001ರಲ್ಲೇ ಸಮುದ್ರ ಸೌತೆಕಾಯಿಗಳನ್ನು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಯ ಸಾಲಿಗೆ, ಸೇರಿಸಿದರು. ಒಳ್ಳೇದೇ. ಆದರೆ ಪ್ರತಿ ಬೀಚ್‌ನಲ್ಲೂ ಕಾನೂನು ಬಂದು ನಿಲ್ಲೋಕಾಗಲ್ಲ. ನಾಯಿಮರಿ ಕುಂಯ್ ಅಂದರೆ ನಾವೇ ಕೆಳಗೆ ಬಿಡ್ತೀವಿ. ಕೂಗೋಕೆ ಬಾಯಿ, ನೋಡೋಕೆ ಮುಖ ಇಲ್ಲದ ಪ್ರಾಣಿಯನ್ನು ಮಾತ್ರ ಆಟಿಕೆ ಅಂದುಕೊಳ್ತೀವಿ. ಬದಲಾಗಬೇಕಾದ್ದು ಇದು.

ಮುಂದಿನ ಟ್ರಿಪ್‌ನಲ್ಲಿ ನಕ್ಷತ್ರಮೀನು ಕಂಡರೆ ಬಗ್ಗಿ ನೋಡಿ, ಫೋಟೋನೂ ತೆಗೀರಿ. ಎತ್ತಬೇಡಿ. ಒಣಗಿಸಿ ಮಾರೋದನ್ನು ಶೋಕೇಸ್‌ಗೆ ಅಂತ ಕೊಳ್ಳಲೂಬೇಡಿ. ನನ್ನ ಫೋನ್‌ನಲ್ಲಿ ಆ ಸೆಲ್ಫಿ ಇನ್ನೂ ಇದೆ. ನಾನು ನಗ್ತಾ ಇದ್ದೀನಿ, ಅದಕ್ಕೇ ಡಿಲೀಟ್ ಮಾಡಿಲ್ಲ. ನೆನಪಿರಲಿ ಅಂತ.