ಹತ್ತು ಸಲ ಮಡಿಸು, ಹತ್ತು ಸಲ ಬಿಡಿಸು

ಧೂಳುಗಾಳಿ ಬೀಸಿದ ಮರುದಿನ ಬಾಲ್ಕನಿ ತೊಳೆಯುವ ಕೆಲಸ ದೋಹಾದಲ್ಲಿರುವ ನಿಮಗೂ ಗೊತ್ತಿರುವುದೇ. ಹಾಗೆ ತೊಳೆಯುವಾಗ ಸೋಪು ನೀರಿನಲ್ಲಿ ಜಾರಿ, ಬಲಗೈ ಊರಿ ಬಿದ್ದೆ. ಮಣಿಕಟ್ಟಿನ ಹತ್ತಿರ, ಹೆಬ್ಬೆರಳಿನ ಕಡೆಯ ಮೂಳೆ ಮುರಿದಿತ್ತು. ಕೈ ಊರಿ ಬಿದ್ದವರಿಗೆ ತುಂಬಾ ಸಾಮಾನ್ಯವಾಗಿ ಆಗುವ ಮುರಿತವಿದು. ಡಬ್ಲಿನ್‌ನ ವೈದ್ಯ ಅಬ್ರಹಾಂ ಕಾಲೆಸ್ 1814ರಲ್ಲೇ, ಎಕ್ಸ್‌ರೇ ಇಲ್ಲದ ಕಾಲದಲ್ಲಿ, ಇದನ್ನು ವಿವರಿಸಿದ್ದರು. ನನಗೆ ಆರು ವಾರ ಪ್ಲಾಸ್ಟರ್ ಹಾಕಿದರು.

ಊರಿಂದ ಅತ್ತೆಯ ಫೋನು: "ಪುತ್ತೂರಿಗೆ ಬಂದು ಕಟ್ಟು ಹಾಕಿಸ್ಕೊಳ್ಳಮ್ಮ." (ಆಂಧ್ರದ ಪುತ್ತೂರು, ನಮ್ಮ ದಕ್ಷಿಣ ಕನ್ನಡದ್ದಲ್ಲ.) ಇಲ್ಲೇ ಕಟ್ಟು ಹಾಕಿದ್ದಾರೆ ಅಂತ ಸಮಾಧಾನ ಮಾಡಿದೆ.

ನಿಮಗೆ ಹೀಗೇನಾದರೂ ಆದರೆ ಮೊದಲು ಬಳೆ, ಉಂಗುರ ತೆಗೆದುಬಿಡಿ. ಕೈ ಊದಿಕೊಂಡ ಮೇಲೆ ಅವು ಬರುವುದಿಲ್ಲ. ಮೊದಲ ಕೆಲವು ದಿನ ಕೈಯನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿಡಿ. ಬೆರಳು ನೀಲಿಯಾದರೆ, ಮರಗಟ್ಟಿದರೆ, ನೋವು ಏರುತ್ತಲೇ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಪ್ಲಾಸ್ಟರಿನೊಳಗೆ ತುರಿಸಿತೆಂದು ಮಕ್ಕಳ ಸ್ಕೇಲು ತೂರಿಸಬೇಡಿ. ನಾನು ತೂರಿಸಿ ಬೈಸಿಕೊಂಡಿದ್ದೇನೆ!

ನಾನು ಮಾಡಿದ ದೊಡ್ಡ ತಪ್ಪು ಬೇರೆ. ಮೂಳೆ ಕೂಡಲಿ ಅಂತ ಬೆರಳನ್ನೂ ಅಲುಗಿಸದೆ ಕೂತಿದ್ದೆ. ಎರಡನೇ ವಾರ ತೋರಿಸಲು ಹೋದಾಗ ಬೆರಳುಗಳು ಬದನೆಕಾಯಿಯಂತೆ ಊದಿದ್ದವು, ಮುಷ್ಟಿ ಕಟ್ಟಲು ಆಗಲಿಲ್ಲ. ಹೀಗೇ ಬಿಟ್ಟರೆ ಮೂಳೆ ಕೂಡಿದರೂ ಕೈ ಕೆಲಸಕ್ಕೆ ಬರುವುದಿಲ್ಲ ಎಂದರು ವೈದ್ಯರು. ಆ ರಾತ್ರಿ ನಿದ್ದೆ ಬರಲಿಲ್ಲ. ಈ ಕೈಯಲ್ಲಿ ಜಡೆ ಹಾಕುವುದು ಹೇಗೆ, ತುತ್ತು ಕಲಸುವುದು ಹೇಗೆ?

ಮರುದಿನದಿಂದ ಒಂಬತ್ತು ವರ್ಷದ ಮಗಳೇ ಮೇಷ್ಟ್ರು. ಎಚ್ಚರವಿದ್ದಷ್ಟು ಹೊತ್ತೂ ಗಂಟೆಗೊಮ್ಮೆ ಹತ್ತು ಸಲ ಬೆರಳು ಮಡಿಸಬೇಕು, ಹತ್ತು ಸಲ ಬಿಡಿಸಬೇಕು. ಅವಳು ಶಾಲೆಗೆ ಹೋದಾಗ ನಾನೇ ಎಣಿಸಿಕೊಳ್ಳುತ್ತಿದ್ದೆ. ಅವಳು ಮನೆಯಲ್ಲಿದ್ದಾಗ ಎಣಿಕೆ ಕನ್ನಡದಲ್ಲೇ ಆಗಬೇಕೆಂಬುದು ನನ್ನ ಷರತ್ತು. ಇಪ್ಪತ್ತು ದಾಟಿದರೆ ಇಂಗ್ಲಿಷಿಗೆ ಹಾರುತ್ತಿದ್ದವಳು, ತಪ್ಪಿದಾಗೆಲ್ಲ ಮೊದಲಿಂದ ಶುರು ಮಾಡಿ, ನನ್ನ ಬೆರಳಿನ ಜೊತೆ ನೂರರವರೆಗೆ ಬಂದಳು.

ಅಡುಗೆಮನೆಯಲ್ಲೂ ಹಾಗೇ. ನನ್ನ ಕೈ ನಿಂತಾಗ ಬಾಯಿ ಕೆಲಸ ಮಾಡಬೇಕಾಯಿತು. ಬೆಳ್ಳುಳ್ಳಿ ಜಜ್ಜು, ಹುಣಸೆಹಣ್ಣು ಕಿವುಚು, ನಿಂಬೆಹಣ್ಣು ಹಿಂಡು. ಇಷ್ಟು ವರ್ಷ ನಾನೇ ಸರಸರ ಮಾಡಿ ಮುಗಿಸುತ್ತಿದ್ದರಿಂದ ಈ ಮಾತುಗಳು ಮಕ್ಕಳ ಕಿವಿಗೇ ಬಿದ್ದಿರಲಿಲ್ಲ. ಆರು ವರ್ಷದ ಮಗ "ಕಿವುಚು ಅಂದ್ರೆ ಸ್ಕ್ವೀಝಾ?" ಅಂತ ಕೇಳಿದ. ಬಟ್ಟಲಿಗೆ ಕೈ ಹಾಕಿಸಿದೆ, ಅವನಿಗೇ ತಿಳಿಯಿತು. ಮುದ್ದೆ ಮಾತ್ರ ಯಜಮಾನರ ಪಾಲಿಗೆ ಬಂತು, ಗಂಟಿಲ್ಲದ ದಿನವಿಲ್ಲ. ಆದರೂ ಬಿಡಲಿಲ್ಲ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ವಿಟಮಿನ್ ಡಿ ಕೂಡ ಪರೀಕ್ಷೆ ಮಾಡಿಸಿಕೊಳ್ಳಿ. ಇಷ್ಟು ಬಿಸಿಲಿರುವ ಕತಾರಿನಲ್ಲಿ ಅದರ ಕೊರತೆ ತುಂಬಾ ಜನರಿಗಿದೆ, ನಾವು ಬಿಸಿಲಿಗೆ ಹೋಗುವುದೇ ಇಲ್ಲವಲ್ಲ.

ಪ್ಲಾಸ್ಟರ್ ಬಿಚ್ಚಿದ ದಿನ ಕೈ ಸೊರಗಿ, ಸಿಪ್ಪೆ ಸುಲಿದು, ಯಾರದ್ದೋ ಕೈಯಂತಿತ್ತು. ಹೆದರಬೇಡಿ, ಹಾಗೇ ಇರುತ್ತದೆ. ಶಕ್ತಿ ಪೂರ್ತಿ ಬರಲು ತಿಂಗಳುಗಳೇ ಬೇಕು. ಹಿಡಿತ ಬಂದು, ಬ್ರೇಕ್ ಹಾಕಿ ಸ್ಟಿಯರಿಂಗ್ ತಿರುಗಿಸುವ ಧೈರ್ಯ ಬರುವವರೆಗೆ ಕಾರು ಮುಟ್ಟಬೇಡಿ. ನನಗೆ ಎಲ್ಲಕ್ಕಿಂತ ತಡವಾಗಿ ಬಂದದ್ದು ತೀರ್ಥಕ್ಕೆ ಒಡ್ಡುವಂತೆ ಅಂಗೈ ಮೇಲೆ ಮಾಡುವುದು. ಫಿಸಿಯೋಥೆರಪಿಯಲ್ಲಿ ಒದ್ದೆ ಟವೆಲ್ ಕೊಟ್ಟು ತಿರುಚಲು ಹೇಳಿದರು. ಪಕ್ಕದಲ್ಲಿ ಕೂತಿದ್ದ ಮಗ ಜೋರಾಗಿ ಕೂಗಿದ: "ಅಮ್ಮಾ, ಹಿಂಡು!"